ಊರಲ್ಲಿ ಮಕ್ಕಳಿಲ್ಲ, ಬೆಂಗಳೂರಲ್ಲಿ ಜಾಗವಿಲ್ಲ: ಜಮೀನು ಮಾರಬೇಕಾ?

ಪ್ರಶ್ನೆ: ನಾನು ಅರಸೀಕೆರೆ ತಾಲೂಕಿನ ರೈತ, ವಯಸ್ಸು 38. ಅಪ್ಪನ ಹೆಸರಿನಲ್ಲಿ ನಾಲ್ಕು ಎಕರೆ ಇದೆ. ಎರಡೂವರೆ ಎಕರೆ ತೆಂಗು, ಉಳಿದದ್ದರಲ್ಲಿ ರಾಗಿ. ನಾನು ಓದಿದ ಸರ್ಕಾರಿ ಶಾಲೆಯಲ್ಲಿ ಆಗ ಎಪ್ಪತ್ತು ಮಕ್ಕಳಿದ್ದೆವು, ಈಗ ಒಂಬತ್ತು. ಟಿವಿ ಹಾಕಿದರೆ ಜನಸಂಖ್ಯೆ ಸ್ಫೋಟ ಅಂತಾರೆ. ಇನ್ನೊಬ್ಬರು ಮಕ್ಕಳನ್ನು ಜಾಸ್ತಿ ಮಾಡಿಕೊಳ್ಳಿ, ಇಲ್ಲದಿದ್ದರೆ ಲೋಕಸಭೆಯಲ್ಲಿ ನಮ್ಮ ಸೀಟು ಕಡಿಮೆಯಾಗುತ್ತೆ ಅಂತಾರೆ. ನಮಗೆ ಏಳು ವರ್ಷದ ಮಗಳೊಬ್ಬಳೇ. ಕರ್ನಾಟಕದ ತಲಾ ಆದಾಯ ದೇಶದಲ್ಲೇ ಮುಂದೆ ಅಂತ ಓದಿದೆ, ನಮ್ಮೂರಲ್ಲಿ ಅದು ಕಾಣುತ್ತಿಲ್ಲ. ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಗಂಡ, ಭಾವ, ಎರಡು ಎಕರೆ ಮಾರಿ ನೆಲಮಂಗಲದ ಆಚೆ ಸೈಟು ತಗೋ, ಹತ್ತು ವರ್ಷಕ್ಕೆ ನಾಲ್ಕು ಪಟ್ಟಾಗುತ್ತೆ ಅಂತಿದ್ದಾರೆ. ಊರು ಖಾಲಿಯಾದ ಮೇಲೆ ಜಮೀನನ್ನು ಯಾರೂ ಕೇಳಲ್ಲ ಅನ್ನೋದು ಅವರ ಮಾತು. ಹೊರರಾಜ್ಯದವರೇ ತುಂಬಿಕೊಳ್ತಾರೆ ಅಂತಲೂ ಹೇಳ್ತಾರೆ. ಅಪ್ಪನಿಗೆ ಮಂಡಿನೋವು, ಆದರೂ ತೋಟ ಬಿಟ್ಟು ಬರಲ್ಲ. ಏನು ಮಾಡಲಿ?

ಉತ್ತರ: ನೀವು ನಾಲ್ಕೈದು ಪ್ರಶ್ನೆ ಕೇಳಿದ್ದೀರಿ, ಅವುಗಳ ಹಿಂದಿರುವ ಚಿಂತೆ ಮಾತ್ರ ಒಂದೇ. ರಾಜ್ಯ ಮುಂದೆ ಹೋಗುತ್ತಿದೆ, ನಾನು ಹಿಂದೆ ಉಳಿಯುವ ಜಾಗದಲ್ಲಿ ಇದ್ದೀನಾ ಅಂತ. ಜನಸಂಖ್ಯೆಯ ಲೆಕ್ಕ ನೋಡುವುದೇ ನನ್ನ ಕೆಲಸ. ಮನೆಮನೆ ಸಮೀಕ್ಷೆಗೆ ಹೋದಾಗ ಇದೇ ಮಾತನ್ನು ಹಾಸನ, ಮಂಡ್ಯ, ತುಮಕೂರು, ಚಿಕ್ಕಮಗಳೂರಿನ ಕಡೆ ಬೇಕಾದಷ್ಟು ಜಗಲಿಗಳ ಮೇಲೆ ಕೂತು ಕೇಳಿದ್ದೇನೆ. ನಿಮ್ಮ ಚಿಂತೆಯಲ್ಲಿ ನಿಜ ಇದೆ. ಆದರೆ ಭಾವ ಅದರಿಂದ ತೆಗೆದಿರುವ ತೀರ್ಮಾನ ಅಷ್ಟು ಗಟ್ಟಿಯಾಗಿಲ್ಲ.

ಮೊದಲು ಸ್ಫೋಟದ ಮಾತು. ಅದು ನಿಮ್ಮ ಅಪ್ಪನ ಕಾಲದ ಸುದ್ದಿ. 1971ರಲ್ಲಿ ರಾಜ್ಯದ ಜನಸಂಖ್ಯೆ 2.93 ಕೋಟಿ ಇತ್ತು, 1981ಕ್ಕೆ 3.71 ಕೋಟಿ ಆಯಿತು. ಒಂದೇ ದಶಕದಲ್ಲಿ ಶೇ 27ರ ಹತ್ತಿರ ಏರಿಕೆ. ಆಮೇಲೆ ಇಳಿಯುತ್ತಾ ಬಂದು 2001ರಿಂದ 2011ರವರೆಗೆ ಶೇ 15.6ಕ್ಕೆ ನಿಂತಿತು. 2011ರಲ್ಲಿ ನಾವು 6.11 ಕೋಟಿ ಇದ್ದೆವು. 2021ರ ಜನಗಣತಿ ನಡೆಯಲಿಲ್ಲ, ಹಾಗಾಗಿ 2027ರ ಗಣತಿಯ ಲೆಕ್ಕ ಬರುವವರೆಗೆ ಪಕ್ಕಾ ಅಂಕಿ ಅಂದರೆ 2011ರದ್ದೇ. ಕೇಂದ್ರ ಸರ್ಕಾರದ ತಜ್ಞರ ತಂಡ ಹಾಕಿರುವ ಅಂದಾಜಿನ ಪ್ರಕಾರ 2036ಕ್ಕೂ ರಾಜ್ಯದ ಜನಸಂಖ್ಯೆ 7 ಕೋಟಿಯ ಆಸುಪಾಸಿನಲ್ಲೇ ಇರುತ್ತದೆ. ಇದನ್ನು ಸ್ಫೋಟ ಅನ್ನೋದು ಸರಿಯಲ್ಲ.

ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಎನ್ನುವ ಲೆಕ್ಕವನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೊಡುತ್ತದೆ. ಕರ್ನಾಟಕದಲ್ಲಿ ಅದು 1992-93ರಲ್ಲಿ 2.9ರ ಹತ್ತಿರ ಇತ್ತು. 2005-06ಕ್ಕೆ 2.1, 2019-21ಕ್ಕೆ 1.7. ಇರುವ ಜನಸಂಖ್ಯೆ ಹಾಗೇ ಉಳಿಯಬೇಕಾದರೆ 2.1 ಬೇಕು. ಅಂದರೆ ಆ ಗೆರೆಯನ್ನು ನಾವು ಇಪ್ಪತ್ತು ವರ್ಷದ ಹಿಂದೆಯೇ ಮುಟ್ಟಿದ್ದೇವೆ. ಹಾಗಿದ್ದರೂ ಒಟ್ಟು ಸಂಖ್ಯೆ ಏರುತ್ತಿರುವುದು ಯಾಕೆ? ಎಪ್ಪತ್ತು ಎಂಬತ್ತರ ದಶಕದಲ್ಲಿ ಹುಟ್ಟಿದ ದೊಡ್ಡ ಗುಂಪು ಬೆಳೆದು ಅಪ್ಪ-ಅಮ್ಮ ಆಯಿತು. ಒಬ್ಬೊಬ್ಬರಿಗೆ ಒಂದೋ ಎರಡೋ ಮಕ್ಕಳಾದರೂ ಹೆರುವವರ ಸಂಖ್ಯೆಯೇ ಜಾಸ್ತಿ ಇತ್ತು. ಜೊತೆಗೆ ಹಿರಿಯರು ಹೆಚ್ಚು ವರ್ಷ ಬದುಕುತ್ತಿದ್ದಾರೆ.

ನಿಮ್ಮ ಶಾಲೆಯ ಒಂಬತ್ತು ಮಕ್ಕಳ ಗುಟ್ಟು ಇನ್ನೊಂದು ಅಂಕಿಯಲ್ಲಿದೆ. 2001ರಿಂದ 2011ರ ನಡುವೆ ರಾಜ್ಯದ ಒಟ್ಟು ಜನಸಂಖ್ಯೆ 82 ಲಕ್ಷ ಏರಿತು. ಆದರೆ ಆರು ವರ್ಷದೊಳಗಿನ ಮಕ್ಕಳ ಸಂಖ್ಯೆ ಎರಡೂ ಗಣತಿಯಲ್ಲಿ 72 ಲಕ್ಷದ ಹತ್ತಿರವೇ ಇತ್ತು, ಎರಡನೆಯ ಸಲ ಒಂದಿಷ್ಟು ಕಮ್ಮಿಯೇ. ಜನ ಹೆಚ್ಚಿದರು, ಮಕ್ಕಳು ಹೆಚ್ಚಲಿಲ್ಲ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಸೈಟಿನ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಇದು ಯಾರೋ ಬಲವಂತ ಮಾಡಿದ್ದರಿಂದ ಆದದ್ದಲ್ಲ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು, ಪ್ರಪಂಚದಲ್ಲೇ ಬಹಳ ಬೇಗ. ಆದರೂ ಮನೆಗಳು ಚಿಕ್ಕದಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. ನಿಜವಾದ ಬದಲಾವಣೆ ತಂದದ್ದು ಹೆಣ್ಣುಮಕ್ಕಳು ಶಾಲೆಗೆ ಹೋದದ್ದು, ತಡವಾಗಿ ಮದುವೆಯಾದದ್ದು. ಹುಟ್ಟಿದ ಮಗು ಉಳಿಯುತ್ತದೆ ಎನ್ನುವ ಧೈರ್ಯವೂ ಬಂತು. ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ಸಾಯುತ್ತಿದ್ದವರು 2005-06ರಲ್ಲಿ 43, 2019-21ರಲ್ಲಿ 25. ನಿಮ್ಮ ಕಡೆ ಜಮೀನು ಪಾಲಾಗಿ ಪಾಲಾಗಿ ತುಂಡಾದದ್ದೂ ಒಂದು ಕಾರಣ. ನಾಲ್ಕು ಎಕರೆಯನ್ನು ನಾಲ್ಕು ಜನಕ್ಕೆ ಹಂಚುವುದು ಹೇಗೆ ಅಂತ ಯೋಚಿಸಿದ ತಾಯಂದಿರೇ ಆಪರೇಷನ್ ಮಾಡಿಸಿಕೊಂಡರು. ಗಂಡಸರು ಬಹಳ ಕಡಿಮೆ. ಇದನ್ನು ಹೇಳಲೇಬೇಕು, ಯಾಕೆಂದರೆ ರಾಜ್ಯದ ಈ ಸಾಧನೆಯ ಭಾರವನ್ನು ಹೊತ್ತವರು ಹೆಂಗಸರು. ಈಗ ಇನ್ನೂ ಹೆರಿ ಎಂದು ವೇದಿಕೆ ಮೇಲಿಂದ ಹೇಳುವವರಿಗೆ ಅದು ನೆನಪಿಲ್ಲ.

ಸೀಟಿನ ವಿಷಯ ಇಲ್ಲೇ ಮುಗಿಸುತ್ತೇನೆ. 2024ರ ಅಕ್ಟೋಬರ್‌ನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳಾಗಲಿ ಎಂದ ಮೇಲೆ ಈ ಮಾತು ನಮ್ಮಲ್ಲೂ ಹಬ್ಬಿತು. ಕರ್ನಾಟಕದ 28 ಲೋಕಸಭಾ ಸೀಟು ನಿಂತಿರುವುದು 1971ರ ಜನಗಣತಿಯ ಮೇಲೆ. ಇನ್ನು ಮುಂದಿನ ಹಂಚಿಕೆ ಹೇಗೆ ಎನ್ನುವುದನ್ನು ತೀರ್ಮಾನಿಸುವುದು ಸಂಸತ್ತು. ಜನಸಂಖ್ಯೆ ಹಿಡಿತಕ್ಕೆ ತಂದ ರಾಜ್ಯಗಳಿಗೆ ಅನ್ಯಾಯವಾಗಬಾರದು ಎನ್ನುವ ವಾದ ನ್ಯಾಯವಾದದ್ದೇ, ನಾನೂ ಅದನ್ನು ಒಪ್ಪುತ್ತೇನೆ. ಆದರೆ ಅದು ರಾಜಕೀಯದಲ್ಲಿ ಗೆಲ್ಲಬೇಕಾದ ವಾದ, ಹೆರಿಗೆ ವಾರ್ಡಿನಲ್ಲಿ ಅಲ್ಲ. ಬಿಹಾರದಲ್ಲಿ ಈಗಲೂ ಒಬ್ಬ ಹೆಂಗಸಿಗೆ ಸರಾಸರಿ ಮೂರು ಮಕ್ಕಳು. ನಾಲ್ಕೈದು ದಶಕದಲ್ಲಿ ಆದ ಅಂತರವನ್ನು ಅರಸೀಕೆರೆಯ ಮನೆಗಳು ಒಂದೊಂದು ಮಗು ಹೆತ್ತು ತುಂಬಲು ಆಗಲ್ಲ. ನಿಮಗೂ ನಿಮ್ಮ ಮನೆಯವರಿಗೂ ಇನ್ನೊಂದು ಮಗು ಬೇಕು ಅನ್ನಿಸಿದರೆ, ಅವರ ಆರೋಗ್ಯ ಸರಿ ಇದ್ದರೆ ಮಾಡಿಕೊಳ್ಳಿ. ಸೀಟಿಗೋಸ್ಕರ ಬೇಡ.

ಈಗ ಊರು ಖಾಲಿಯಾಗುವ ಮಾತಿಗೆ ಬರೋಣ. ನಿಮ್ಮ ಜಿಲ್ಲೆಯಲ್ಲೇ ಒಂದು ಹಳ್ಳಿಯಲ್ಲಿ ಮನೆಪಟ್ಟಿ ಮಾಡುತ್ತಿದ್ದಾಗ ಒಬ್ಬ ಅಜ್ಜಿ ರೇಷನ್ ಕಾರ್ಡ್ ತಂದು ತೋರಿಸಿದರು. ಅದರಲ್ಲಿ ಆರು ಹೆಸರಿತ್ತು. ಒಳಗೆ ಒಲೆ ಮೇಲೆ ಇದ್ದದ್ದು ಇಬ್ಬರಿಗೆ ಆಗುವಷ್ಟು ಮುದ್ದೆಯ ಪಾತ್ರೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಪೀಣ್ಯದ ಹತ್ತಿರ ಬಾಡಿಗೆ ಮನೆಯಲ್ಲಿ. ಹಬ್ಬಕ್ಕೆ, ಜಾತ್ರೆಗೆ, ಓಟಿಗೆ ಬರುತ್ತಾರೆ. ಬೋರ್‌ವೆಲ್ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದರು. ಮಗ ಬೆಂಗಳೂರಿನಿಂದಲೇ ಫೋನ್ ಒತ್ತಿ ಮೋಟಾರ್ ಹಾಕುತ್ತಾನೆ, ಅಜ್ಜ ಹೋಗಿ ವಾಲ್ವ್ ತಿರುಗಿಸುತ್ತಾರೆ. ಆ ಮನೆ ಖಾಲಿಯೂ ಅಲ್ಲ, ತುಂಬಿದ್ದೂ ಅಲ್ಲ. ನಿಮ್ಮೂರಿನಲ್ಲೂ ಇಂಥ ಮನೆಗಳೇ ಜಾಸ್ತಿ ಇರಬೇಕು.

ಜಿಲ್ಲೆಗಳ ಅಂಕಿ ಕೂಡ ಇದನ್ನೇ ಹೇಳುತ್ತದೆ. 2001-11ರ ದಶಕದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಸುಮಾರು ಮೂರು ಸಾವಿರದಷ್ಟು ಇಳಿಯಿತು. ಕೊಡಗು ಶೇ 1ರಷ್ಟು ಏರಿತು, ಮಂಡ್ಯ ಎರಡೂವರೆ, ನಿಮ್ಮ ಹಾಸನ ಮೂರರ ಸುಮಾರು. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಯಿತು, ಶೇ 47ರ ಏರಿಕೆ. ರಾಜ್ಯದಲ್ಲಿ ಹೆಚ್ಚಿದ 82 ಲಕ್ಷ ಜನರಲ್ಲಿ 31 ಲಕ್ಷ ಆ ಒಂದೇ ಜಿಲ್ಲೆಯ ಲೆಕ್ಕಕ್ಕೆ ಸೇರಿತು. ಯಾದಗಿರಿ ಕಡೆ ಹುಟ್ಟು ಇನ್ನೂ ಜಾಸ್ತಿ ಇದೆ, ಶೇ 22ಕ್ಕಿಂತ ಹೆಚ್ಚು ಏರಿತು. ಆದರೆ ಅಲ್ಲಿಂದಲೂ ಜನ ಗುಳೆ ಹೊರಟು ಬರುವುದು ಬೆಂಗಳೂರಿನ ಕಟ್ಟಡ ಕೆಲಸಕ್ಕೇ. ಇವತ್ತು ಕರ್ನಾಟಕದ ಒಂದು ಊರಿನ ಜನಸಂಖ್ಯೆಯನ್ನು ತೀರ್ಮಾನಿಸುವುದು ಹುಟ್ಟಿಗಿಂತ ಹೆಚ್ಚಾಗಿ ಬಸ್ಸು, ರೈಲು ಹತ್ತಿ ಹೋದವರ ಲೆಕ್ಕ.

ಹೊರರಾಜ್ಯದವರ ಮಾತು ಇಲ್ಲಿಗೇ ಸೇರುತ್ತದೆ. ಬೇರೆ ಊರಿನಿಂದ ಬೆಂಗಳೂರಿಗೆ ಬಂದು ನೆಲೆಸಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕರ್ನಾಟಕದ ಬೇರೆ ಜಿಲ್ಲೆಗಳವರೇ ಎಂದು 2011ರ ಗಣತಿ ತೋರಿಸಿತು. ಆಮೇಲೆ ಹೊರಗಿನಿಂದ ಬರುವವರು ಹೆಚ್ಚಿರುವುದು ಕಣ್ಣಿಗೇ ಕಾಣುತ್ತದೆ, ಸುಳ್ಳಲ್ಲ. ಹೋಟೆಲು, ಕಟ್ಟಡ, ಸೆಕ್ಯೂರಿಟಿ ಕೆಲಸದಲ್ಲಿ ಉತ್ತರದ, ಈಶಾನ್ಯದ ಹುಡುಗರಿದ್ದಾರೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಅಸ್ಸಾಮಿನವರಿದ್ದಾರೆ. ಅವರು ಬಂದದ್ದು ನಮ್ಮ ಹುಡುಗರು ಬಿಟ್ಟ ಕೆಲಸಕ್ಕೆ. ಭಾಷೆ ಕಲಿಸುವ ಜವಾಬ್ದಾರಿ ನಮ್ಮ ಮೇಲೂ ಇದೆ, ಅದರಲ್ಲಿ ನಾವು ಸೋಮಾರಿಗಳಾಗಿದ್ದೇವೆ. ಆದರೆ ನಿಮ್ಮ ಶಾಲೆ ಖಾಲಿಯಾದದ್ದಕ್ಕೂ ಅವರಿಗೂ ಏನೂ ಸಂಬಂಧವಿಲ್ಲ.

ತಲಾ ಆದಾಯದ ಸುದ್ದಿ ನಿಜವೇ. ದೊಡ್ಡ ರಾಜ್ಯಗಳಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ಆದರೆ ಅದು ಒಟ್ಟು ಆದಾಯವನ್ನು ತಲೆಗಳಿಂದ ಭಾಗಿಸಿದ ಅಂಕಿ. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯಿಂದಲೇ ಬರುತ್ತದೆ. ಆ ಜಿಲ್ಲೆಯ ತಲಾ ಆದಾಯ ಕಲಬುರಗಿಯ ನಾಲ್ಕೈದು ಪಟ್ಟು. 2011ರಲ್ಲಿ ದುಡಿಯುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಬೇಸಾಯ ಅಥವಾ ಕೂಲಿಯಲ್ಲಿದ್ದರು. ಕೃಷಿಯಿಂದ ಬರುವ ಪಾಲು ಮಾತ್ರ ಏಳರಲ್ಲಿ ಒಂದರ ಹತ್ತಿರ. ಅರ್ಧ ಜನ ಅಷ್ಟನ್ನು ಹಂಚಿಕೊಂಡರೆ ನಿಮಗೆ ಕಾಣುವುದಾದರೂ ಎಲ್ಲಿಂದ? ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ವರದಿ ಕೊಟ್ಟಿತ್ತು. ಉತ್ತರದವು ಮಾತ್ರವಲ್ಲ, ದಕ್ಷಿಣದವೂ ಅದರಲ್ಲಿದ್ದವು.

ಇನ್ನೊಂದು ಸಂಗತಿ ಜನರಿಗೆ ಗೊತ್ತಿರುವುದಿಲ್ಲ. ಜಿಲ್ಲೆಯ ಉತ್ಪನ್ನವನ್ನು ಲೆಕ್ಕ ಹಾಕುವುದು ಕೆಲಸ ಎಲ್ಲಿ ನಡೆಯಿತು ಎನ್ನುವುದರ ಮೇಲೆ. ನಿಮ್ಮೂರ ಹುಡುಗ ಪೀಣ್ಯದಲ್ಲಿ ದುಡಿದದ್ದು ಬೆಂಗಳೂರಿನ ಲೆಕ್ಕಕ್ಕೆ ಹೋಗುತ್ತದೆ. ಅದರಲ್ಲಿ ಅವನು ಅಮ್ಮನ ಖಾತೆಗೆ ಹಾಕುವ ದುಡ್ಡು ಹಾಸನದ ಉತ್ಪನ್ನವಾಗಿ ಎಲ್ಲೂ ಕಾಣಿಸುವುದಿಲ್ಲ. ಆದರೆ ನಿಮ್ಮೂರಲ್ಲಿ ಹೊಸದಾಗಿ ಎದ್ದ ತಾರಸಿ ಮನೆಗಳನ್ನು ಒಮ್ಮೆ ಎಣಿಸಿ ನೋಡಿ. ಬಹಳಷ್ಟು ಆ ದುಡ್ಡಿನಿಂದಲೇ ಕಟ್ಟಿದ್ದಲ್ವಾ? ಊರಿನ ಬದುಕು ಅಂಕಿಯಲ್ಲಿ ಕಾಣುವಷ್ಟು ಬಡವಾಗಿಲ್ಲ. ಆದರೆ ಅದು ನಿಂತಿರುವುದು ನಗರದ ಸಂಬಳದ ಮೇಲೆ.

ಇನ್ನು ಸೈಟು. ಹತ್ತು ವರ್ಷಕ್ಕೆ ನಾಲ್ಕು ಪಟ್ಟು ಅಂದರೆ ವರ್ಷಕ್ಕೆ ಶೇ 15ರ ಹತ್ತಿರ, ಹತ್ತೂ ವರ್ಷ ತಪ್ಪದೆ ಏರಬೇಕು. ಕೆಲವು ಕಡೆ ಹಾಗೆ ಆಗಿದೆ, ಭಾವ ಸುಳ್ಳು ಹೇಳುತ್ತಿಲ್ಲ. ಆದರೆ ಆಗ ಕೊಳ್ಳುವವರ ಗುಂಪು ವರ್ಷ ವರ್ಷ ದೊಡ್ಡದಾಗುತ್ತಿತ್ತು. ಆಗ ಹೇಳಿದ ಮಕ್ಕಳ ಅಂಕಿ ಈಗ ನೋಡಿ. 2001ರಲ್ಲಿ ಆರು ವರ್ಷದೊಳಗಿದ್ದವರು ಈಗ ಇಪ್ಪತ್ತೈದು ದಾಟಿದವರು. ಬಾಡಿಗೆ ಮನೆ, ಸೈಟು, ಫ್ಲ್ಯಾಟ್ ಹುಡುಕುತ್ತಿರುವವರು ಅವರೇ. ಅವರ ಹಿಂದೆ ಬರುತ್ತಿರುವ ಗುಂಪು ಅವರಿಗಿಂತ ದೊಡ್ಡದಲ್ಲ, ಅದರ ಹಿಂದಿನದು ಇನ್ನೂ ಚಿಕ್ಕದು. ಹಾಗಾಗಿ 2035ರ ಆಚೆ ನೆಲಮಂಗಲದ ಸೈಟಿಗೆ ಗಿರಾಕಿ ಬರಬೇಕಾದರೆ ಹೊರರಾಜ್ಯದ ಜನ ಬರುತ್ತಲೇ ಇರಬೇಕು, ಕೆಲಸಗಳು ಹುಟ್ಟುತ್ತಲೇ ಇರಬೇಕು. ಭಾವ ಯಾರು ಬರಬಾರದು ಅಂತಿದ್ದಾರೋ ಅವರನ್ನೇ ನಂಬಿಕೊಂಡು ಸೈಟು ಕೊಂಡ ಹಾಗೆ. ನೀರಿನ ವಿಷಯವೂ ಇದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅಂಚಿನ ಬಡಾವಣೆಗಳು ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕ್ಯೂ ನಿಂತವು. ಆ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ ಮಾಡಿದ್ದು. ನೆಲಮಂಗಲದ ಆಚೆಯ ಹೊಲದಲ್ಲಿ ಕಲ್ಲು ನೆಟ್ಟ ಲೇಔಟಿಗೆ ಅಲ್ಲ.

ಅತಿ ದೊಡ್ಡ ಅಪಾಯ ಬೆಲೆಗಿಂತ ಕಾಗದದ್ದು. ನಗರದ ಅಂಚಿನಲ್ಲಿ ಅಗ್ಗಕ್ಕೆ ಸಿಗುವ ಬಹಳಷ್ಟು ಸೈಟು ಭೂಪರಿವರ್ತನೆ ಆಗದ, ಅಂದರೆ ಕಾಗದದಲ್ಲಿ ಇನ್ನೂ ಕೃಷಿ ಜಮೀನಾಗಿಯೇ ಇರುವ, ರೆವಿನ್ಯೂ ಸೈಟುಗಳು. ಬ್ಯಾಂಕು ಸಾಲ ಕೊಡುವುದಿಲ್ಲ, ಮನೆ ಕಟ್ಟಲು ಪರವಾನಗಿ ಸಿಗುವುದಿಲ್ಲ, ಮಾರಲು ಹೋದರೆ ಕೊಳ್ಳುವವರು ಅರ್ಧಕ್ಕೆ ಕೇಳುತ್ತಾರೆ. ಊರಿನ ಜಮೀನು ಮಾರಿ ಬಂದ ದುಡ್ಡು ಇಂಥ ಕಡೆ ಸಿಕ್ಕಿಹಾಕಿಕೊಂಡು ಒದ್ದಾಡಿದ ಮನೆಗಳನ್ನು ನೋಡಿದ್ದೇನೆ.

ಊರು ಖಾಲಿಯಾದರೆ ಜಮೀನನ್ನು ಯಾರೂ ಕೇಳಲ್ಲ ಎನ್ನುವುದಕ್ಕೂ ಆಧಾರ ಕಮ್ಮಿ. ಚಿಕ್ಕಮಗಳೂರಲ್ಲಿ ಜನ ಕಡಿಮೆಯಾದರು, ಅಲ್ಲಿನ ತೋಟಗಳು ಅಗ್ಗವಾದವಾ? ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ನಂತರ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಕೊಳ್ಳುವವರು ಹೆಚ್ಚಿದ್ದಾರೆ. ಜಮೀನಿನ ಬೆಲೆ ಕಟ್ಟುವುದು ನೀರು, ರಸ್ತೆ ಮತ್ತು ನಗರದ ದೂರ. ಅರಸೀಕೆರೆ ರೈಲ್ವೆ ಜಂಕ್ಷನ್, ಪಕ್ಕದ ತಿಪಟೂರು ಕೊಬ್ಬರಿ ಮಾರುಕಟ್ಟೆ. ಅದು ನಿಮ್ಮ ಬಲ. ನೀರು ನಿಮ್ಮ ದೌರ್ಬಲ್ಯ. ಪಶ್ಚಿಮ ಘಟ್ಟದ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಕೊಟ್ಟಿದ್ದಾರೆ, ಆದರೆ ನಿಮ್ಮ ಕೆರೆಗೆ ನೀರು ಬಂದು ನಿಲ್ಲುವವರೆಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಾಗಂತ ಏನೂ ಮಾಡದೆ ಇರುವುದೂ ಸುರಕ್ಷಿತವಲ್ಲ. ಕಾಯಿ ಕೀಳುವವರು ಈಗಲೇ ಸಿಗುತ್ತಿಲ್ಲ, ಮುಂದೆ ಇನ್ನೂ ಕಷ್ಟ. 2011ರಲ್ಲಿ ರಾಜ್ಯದಲ್ಲಿ ಅರವತ್ತು ದಾಟಿದವರು ಶೇ 9.5ರಷ್ಟಿದ್ದರು. 2036ರ ಹೊತ್ತಿಗೆ ಆರೇಳು ಜನರಲ್ಲಿ ಒಬ್ಬರು ಆ ವಯಸ್ಸಿನವರಾಗಿರುತ್ತಾರೆ, ನಿಮ್ಮಂಥ ಹಳ್ಳಿಗಳಲ್ಲಿ ಇನ್ನೂ ಜಾಸ್ತಿ. ಅಪ್ಪನ ಮಂಡಿನೋವು ಇವತ್ತಿನ ಸಮಸ್ಯೆ, ನಿಮ್ಮದು ಇಪ್ಪತ್ತು ವರ್ಷದ ನಂತರದ್ದು. ಆಗ ಒಬ್ಬ ಮಗಳು ಎಲ್ಲಿರುತ್ತಾಳೋ ಗೊತ್ತಿಲ್ಲ. ಹಾಗಾಗಿ ನಿಮಗೆ ಬೇಕಾಗಿರುವುದು ಆಸ್ಪತ್ರೆ, ಹೈಸ್ಕೂಲು, ಕಾಲೇಜು ಕೈಗೆಟುಕುವ ಜಾಗ. ಅದು ನೆಲಮಂಗಲವೇ ಆಗಬೇಕಾಗಿಲ್ಲ.

ನನ್ನನ್ನು ಕೇಳಿದರೆ ತೆಂಗು ಮಾರಬೇಡಿ. ಸೈಟು ಹತ್ತು ವರ್ಷ ಒಂದು ರೂಪಾಯಿ ಕೊಡುವುದಿಲ್ಲ, ತೋಟ ಪ್ರತಿ ವರ್ಷ ಅಷ್ಟೋ ಇಷ್ಟೋ ಕೊಡುತ್ತದೆ. ಬೆಲೆ ಬಿದ್ದ ವರ್ಷ, ಮಳೆ ಕೈಕೊಟ್ಟ ವರ್ಷ ಕಷ್ಟ ಇದ್ದೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ದುಡ್ಡು ಬೇಕೇ ಬೇಕು ಅಂದರೆ ರಾಗಿ ಹೊಲದಲ್ಲಿ ಒಂದು ಎಕರೆಯವರೆಗೆ ಯೋಚಿಸಿ. ಆ ದುಡ್ಡಿನಲ್ಲಿ ಅರಸೀಕೆರೆಯಲ್ಲೋ ತಿಪಟೂರಿನಲ್ಲೋ ಅನುಮೋದನೆ ಇರುವ ಬಡಾವಣೆಯಲ್ಲಿ ಮನೆ ನೋಡಿ. ಮಗಳು ಹೈಸ್ಕೂಲಿಗೆ ಬರುವಾಗ ಅಲ್ಲಿಂದ ಓದುತ್ತಾಳೆ, ನೀವು ಬೆಳಿಗ್ಗೆ ತೋಟಕ್ಕೆ ಹೋಗಿ ಬರಬಹುದು, ಅಪ್ಪನೂ ಒಪ್ಪಬಹುದು. ಅಪಾಯ ಅಂದರೆ ಸಣ್ಣ ಪಟ್ಟಣದ ಮನೆ ಬೆಂಗಳೂರಿನ ಸೈಟಿನಷ್ಟು ಬೇಗ ಏರದೆ ಇರಬಹುದು. ಆದರೆ ಅದು ಇರುವುದಕ್ಕೆ ಕೊಂಡದ್ದು, ಮಾರುವುದಕ್ಕಲ್ಲ. ಕೆಲಸಗಳೂ ನಿಧಾನವಾಗಿ ನಿಮ್ಮ ಕಡೆ ಬರುತ್ತಿವೆ. ತುಮಕೂರಿನ ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ, ಗುಬ್ಬಿ ತಾಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಮಗಳು ಬೆಳೆಯುವ ಹೊತ್ತಿಗೆ ಓಡಾಡುವಷ್ಟು ದೂರದಲ್ಲೇ ಕೆಲಸ ಸಿಗಬಹುದು ಎನ್ನುವುದು ನನ್ನ ಅಂದಾಜು, ಖಾತ್ರಿಯಲ್ಲ.

ಏನೇ ಮಾಡುವ ಮುಂಚೆ ಪಹಣಿ ತೆಗೆಸಿ ನೋಡಿ. ಜಮೀನು ಪಿತ್ರಾರ್ಜಿತವಾಗಿದ್ದರೆ ಅಕ್ಕನಿಗೂ ಅದರಲ್ಲಿ ಪಾಲಿದೆ. ಅವರ ಒಪ್ಪಿಗೆ ಇಲ್ಲದೆ ಮಾರಿದ ಕ್ರಯ ನಾಳೆ ಕೋರ್ಟಿಗೆ ಹೋಗಬಹುದು. ಮೊದಲು ಅಕ್ಕನ ಜೊತೆ, ಅಪ್ಪನ ಎದುರಿಗೆ ಕೂತು ಮಾತಾಡಿ, ಭಾವನ ಜೊತೆ ಆಮೇಲೆ. ಅವರು ತೋರಿಸಿದ ಸೈಟು ಬಿಡಲು ಮನಸ್ಸಿಲ್ಲದಿದ್ದರೆ ಭೂಪರಿವರ್ತನೆ ಆದೇಶ, ಲೇಔಟಿನ ಅನುಮೋದನೆ, ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ನೋಂದಣಿ, ಇ-ಖಾತೆ, ಮೂವತ್ತು ವರ್ಷದ ಋಣಭಾರ ಪತ್ರ ಇಷ್ಟನ್ನೂ ನಿಮ್ಮದೇ ವಕೀಲರಿಗೆ ತೋರಿಸಿ. ಮಾರುವವರು ಕರೆತಂದ ವಕೀಲರಿಗಲ್ಲ. ಒಂದೇ ಒಂದು ಕಾಗದ ಆಮೇಲೆ ಕೊಡ್ತೀವಿ ಅಂದರೂ ಅಡ್ವಾನ್ಸ್ ಕೊಡಬೇಡಿ.